ಬರದ ಸೀಮೆಗೆ ಯಾವ ದೇಶದ ದಾರಿ?

ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿಗೆ ಮೂರು ಕಡೆಯೂ ಆಂಧ್ರ. ಗಡಿ ಎಲ್ಲಿ ಮುಗಿಯಿತು, ಎಲ್ಲಿ ಶುರುವಾಯಿತು ಅನ್ನುವುದು ರಸ್ತೆಯ ಡಾಂಬರು ನೋಡಿ ತಿಳಿಯಬೇಕೇ ಹೊರತು ಹೊಲ ನೋಡಿ ಅಲ್ಲ. ಆಚೆ ಮಡಕಶಿರಾ, ರೊಳ್ಳ, ಅಮರಾಪುರದ ಕಡೆಯೂ ಅದೇ ಕಡ್ಲೆಕಾಯಿ, ಅದೇ ಕನ್ನಡ, ಅದೇ ಬತ್ತಿದ ಬೋರು. ಹೆಣ್ಣು ಕೊಟ್ಟು ತರುವುದೂ ನಡೆದೇ ಇದೆ. ಆದರೆ ಒಂದನೇ ತಾರೀಖು ಬೆಳಗಾದರೆ ಆಚೆಯ ಹಳ್ಳಿಗಳಲ್ಲಿ ಗ್ರಾಮ ಸಚಿವಾಲಯದ ನೌಕರರು ಮನೆಬಾಗಿಲಿಗೇ ಬಂದು, ಪಿಂಚಣಿ ಪಟ್ಟಿಯಲ್ಲಿರುವ ಮುದುಕರ ಕೈಗೆ ನಾಲ್ಕು ಸಾವಿರ ರೂಪಾಯಿ ಎಣಿಸುತ್ತಾರೆ. 2024ರ ಜುಲೈನಲ್ಲಿ ಮೂರು ಸಾವಿರವಿದ್ದದ್ದು ನಾಲ್ಕು ಸಾವಿರವಾಯಿತು. ಈಚೆ ನಮ್ಮ ಸಂಧ್ಯಾ ಸುರಕ್ಷಾ ಪಿಂಚಣಿ ₹1,200. ಅದೂ ಅರವತ್ತೈದು ತುಂಬಿದ ಮೇಲೆ.

ಬೀಗರ ಮನೆಗೆ ಹೋದಾಗ ಈ ಲೆಕ್ಕ ಬಂದೇ ಬರುತ್ತದೆ. ಆಚೆಯವರು ಸುಮ್ಮನಿರುವುದಿಲ್ಲ. ‘ನಿಮ್ಮ ಹೆಂಗಸರಿಗೆ ತಿಂಗಳಿಗೆ ಎರಡು ಸಾವಿರ ಬರ್ತದಲ್ಲ, ಬಸ್ಸು ಬೇರೆ ಪುಕ್ಕಟೆ’ ಎನ್ನುತ್ತಾರೆ. ನಿಜವೇ. ನಮ್ಮಲ್ಲಿ 2023ರ ಜೂನ್ 11ರಿಂದ ಹೆಂಗಸರು ಟಿಕೆಟ್ಟಿಗೆ ದುಡ್ಡು ಕೊಡದೆ ಓಡಾಡುತ್ತಿದ್ದಾರೆ. ಆಂಧ್ರದಲ್ಲಿ ಅದು ಬಂದದ್ದು 2025ರ ಆಗಸ್ಟ್ 15ಕ್ಕೆ. ಒಂದೇ ಬಯಲಿನ ಎರಡು ಅಂಚುಗಳಲ್ಲಿ ಒಂದು ಸರ್ಕಾರ ಮುದುಕರನ್ನು ಹಿಡಿದುಕೊಂಡಿದೆ, ಇನ್ನೊಂದು ಮನೆಯೊಡತಿಯನ್ನು.

ದೇಶ ದೇಶಗಳ ಕಲ್ಯಾಣ ನೀತಿಯನ್ನು ಹೋಲಿಸುವ ಲೇಖನಗಳು ಸಾಮಾನ್ಯವಾಗಿ ಸ್ವೀಡನ್ನಿನಿಂದ ಶುರುವಾಗಿ ನಾರ್ವೆಯಲ್ಲಿ ಮುಗಿಯುತ್ತವೆ. ಓದಿದವರಿಗೆ ನಿಟ್ಟುಸಿರೊಂದೇ ಲಾಭ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಅಂದರೆ ಹಿಂದೆ ನಿಡುಗಲ್ಲಿನ ಚೋಳರು ಬೆಟ್ಟದ ಮೇಲೆ ಕೋಟೆ ಕಟ್ಟಿಕೊಂಡು ಆಳಿದ ಈ ಕಲ್ಲು ಸೀಮೆಗೆ ಲೋಕದಲ್ಲಿ ನಿಜವಾದ ನೆಂಟರು ಯಾರು ಅಂತ ಮೊದಲು ಹುಡುಕಬೇಕು. ಹಾಗೆ ಹುಡುಕಿದರೆ ಸ್ಟಾಕ್‌ಹೋಮ್ ಸಿಗುವುದಿಲ್ಲ. ಬ್ರೆಜಿಲ್ಲಿನ ಈಶಾನ್ಯ ಮೂಲೆಯ ಒಣನಾಡು ಸಿಗುತ್ತದೆ. ನೇಪಾಳ ಸಿಗುತ್ತದೆ.

ಬ್ರೆಜಿಲ್ಲಿನ ಜತೆಗಿನ ನಂಟು ಬರೀ ಹೋಲಿಕೆಯ ಮಾತಲ್ಲ, ಇತಿಹಾಸದ್ದು. ನಮ್ಮ ಹಿರಿಯರು ಧಾತು ಈಶ್ವರ ಬರ ಎಂದು ಕರೆಯುತ್ತಿದ್ದ 1876-78ರ ಕ್ಷಾಮ ಬಂದದ್ದು ಪೆಸಿಫಿಕ್ ಸಾಗರ ಕಾದು ಉಂಟಾದ ಎಲ್ ನಿನೊ ದೆಸೆಯಿಂದ. ಅದೇ ಎಲ್ ನಿನೊ ಬ್ರೆಜಿಲ್ಲಿನ ಸಿಯಾರಾ ಪ್ರಾಂತ್ಯದಲ್ಲಿ 1877ರಿಂದ 79ರವರೆಗೆ ಮಳೆ ತಪ್ಪಿಸಿತು. ಅಲ್ಲಿ ಅದನ್ನು ಇಂದಿಗೂ ‘ಮಹಾ ಬರ’ ಎನ್ನುತ್ತಾರೆ. ಎರಡೂ ಕಡೆ ಜನ ಲಕ್ಷಗಟ್ಟಲೆ ಸತ್ತರು. 1871ರ ಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ ಐವತ್ತು ಲಕ್ಷ. ಹತ್ತು ವರ್ಷ ಕಳೆದು 1881ರಲ್ಲಿ ಎಣಿಸಿದಾಗ ನಲವತ್ತೆರಡು ಲಕ್ಷಕ್ಕೂ ಕಡಿಮೆ. ಎರಡೂ ಕಡೆ ಸರ್ಕಾರ ಕೊಟ್ಟ ಉತ್ತರವೂ ಒಂದೇ: ಕಲ್ಲು ಒಡೆ, ಮಣ್ಣು ಹೊರು, ಕೂಲಿ ತಗೋ.

ಆಗ ಮೈಸೂರು ಬ್ರಿಟಿಷ್ ಕಮಿಷನರ್ ಆಡಳಿತದಲ್ಲಿತ್ತು. ಇಂಗ್ಲೆಂಡಿನಲ್ಲಿ 1834ರ ಬಡವರ ಕಾನೂನು ಒಂದು ತತ್ವ ಹಾಕಿಕೊಟ್ಟಿತ್ತು. ಸರ್ಕಾರದ ಅನ್ನ ತಿನ್ನುವವನ ಸ್ಥಿತಿ ದುಡಿದು ತಿನ್ನುವ ಕಡುಬಡವನ ಸ್ಥಿತಿಗಿಂತ ಕೀಳಾಗಿರಬೇಕು, ಇಲ್ಲದಿದ್ದರೆ ಎಲ್ಲರೂ ಬಂದು ಕೂತುಬಿಡುತ್ತಾರೆ ಎಂಬುದು ಅದರ ಸಾರ. ಅದಕ್ಕೇ ಅಲ್ಲಿ ದುಡಿತದ ಮನೆಗಳನ್ನು ಕಟ್ಟಿದರು, ಗಂಡ ಹೆಂಡಿರನ್ನು ಬೇರೆ ಬೇರೆ ಮಲಗಿಸಿದರು. ಹಡಗು ಹತ್ತಿ ಇಲ್ಲಿಗೆ ಬಂದಾಗ ಆ ತತ್ವ ಪರಿಹಾರ ಕಾಮಗಾರಿಯ ರೂಪ ತಾಳಿತು. 1880ರ ಕ್ಷಾಮ ಆಯೋಗದ ನಂತರ ಬಂದ ಕ್ಷಾಮ ಸಂಹಿತೆಗಳು ಅದನ್ನೇ ವ್ಯವಸ್ಥಿತಗೊಳಿಸಿದವು. ಹಸಿದವನು ತಾನು ಹಸಿದಿದ್ದೇನೆಂದು ಮೈಯಿಂದಲೇ ಸಾಬೀತು ಮಾಡಬೇಕು.

ಈ ಪದ್ಧತಿಯನ್ನು ತಿರುವಿ ಹಕ್ಕಾಗಿ ಮಾಡಿದ್ದು ಸಣ್ಣ ಸಾಧನೆಯಲ್ಲ. 1972ರ ಬರದ ಪಾಠ ಕಲಿತ ಮಹಾರಾಷ್ಟ್ರ 1977ರಲ್ಲಿ ಉದ್ಯೋಗ ಖಾತ್ರಿಯ ಕಾನೂನು ತಂದಿತು. 2005ರಲ್ಲಿ ಅದೇ ನರೇಗಾ ಎಂಬ ಇಡೀ ದೇಶದ ಕಾಯ್ದೆಯಾಯಿತು. ಕೆಲಸ ಕೇಳುವುದು ಬೇಡುವುದಲ್ಲ ಎಂದು ಒಂದು ಸಂಸತ್ತು ಬರೆದುಕೊಟ್ಟ ದೇಶಗಳು ಲೋಕದಲ್ಲಿ ಹೆಚ್ಚಿಲ್ಲ. ಮಧುಗಿರಿ, ಪಾವಗಡದ ಕೃಷಿಹೊಂಡ, ಬದು, ಕೆರೆ ಹೂಳಿನಲ್ಲಿ ಆ ಕೂಲಿಯ ಬೆವರಿದೆ. ಆದರೆ ಬೆನ್ನು ಬಗ್ಗದವರಿಗೆ ಅದು ಏನು ಮಾಡೀತು? ಬೆಂಗಳೂರಿನ ಪೀಣ್ಯಕ್ಕೋ ಕಟ್ಟಡದ ಕೆಲಸಕ್ಕೋ ಹರೆಯದವರು ಹೋದ ಮೇಲೆ ಹಳ್ಳಿಯಲ್ಲಿ ಉಳಿಯುವವರು ಅವರೇ.

ಮುದುಕರ ಪ್ರಶ್ನೆಗೆ ಮೊದಲು ಕಾನೂನಿನ ಉತ್ತರ ಕೊಟ್ಟದ್ದು ಜರ್ಮನಿ. ಬಿಸ್ಮಾರ್ಕ್ 1883ರಲ್ಲಿ ಕಾಯಿಲೆಯ ವಿಮೆ, ಮರುವರ್ಷ ಅಪಘಾತದ್ದು, 1889ರಲ್ಲಿ ವೃದ್ಧಾಪ್ಯದ್ದು ತಂದ. ಸಮಾಜವಾದಿಗಳ ಕಾಲ ಕೆಳಗಿನ ನೆಲ ಎಳೆಯುವುದು ಅವನ ಉದ್ದೇಶ. ಕಾರ್ಮಿಕರ ಮೇಲಿನ ಮರುಕ ಅಷ್ಟಕ್ಕಷ್ಟೆ. ಕೆಲಸಗಾರ ಒಂದಿಷ್ಟು, ಮಾಲೀಕ ಒಂದಿಷ್ಟು, ಸರ್ಕಾರ ಒಂದಿಷ್ಟು ಹಾಕಿ ನಿಧಿ ಬೆಳೆಸುವುದು ಅದರ ರೀತಿ. ನಮ್ಮ ಇಎಸ್‌ಐ, ಪಿಎಫ್‌ಗಳು ಇದೇ ವಂಶದವು. ತುಮಕೂರಿನ ವಸಂತನರಸಾಪುರದ ಕಾರ್ಖಾನೆಗೆ ಬಸ್ಸಿನಲ್ಲಿ ಹೋಗಿಬರುವ ಕೊರಟಗೆರೆಯ ಹುಡುಗನಿಗೆ ಅದು ಸಿಗಬಹುದು. ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸಲು ಕೂಲಿಗೆ ಹೋಗುವ ಅವನ ಅವ್ವನಿಗೆ ಮಾಲೀಕ ಯಾರು? ಕಂತು ಹಿಡಿಯುವವರು ಯಾರು? ದೇಶದ ದುಡಿಯುವವರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಅಸಂಘಟಿತರೇ. ಜರ್ಮನಿಯ ದಾರಿ ಒಳ್ಳೆಯದೇ ಇರಬಹುದು, ನಮ್ಮ ಹಳ್ಳಿಯ ತನಕ ಬರುವುದಿಲ್ಲ.

ಬ್ರಿಟನ್ ಬೇರೆ ದಾರಿ ಹಿಡಿಯಿತು. 1909ರ ಜನವರಿ 1ರಂದು ಎಪ್ಪತ್ತು ದಾಟಿದ ಬಡವರು ಅಂಚೆ ಕಚೇರಿಗೆ ಹೋಗಿ ವಾರಕ್ಕೆ ಐದು ಶಿಲಿಂಗ್ ಪಡೆಯತೊಡಗಿದರು. ಕಂತು ಕಟ್ಟಿರಬೇಕಿಲ್ಲ, ತೆರಿಗೆಯ ದುಡ್ಡೇ ಬರುತ್ತಿತ್ತು. ಆದರೂ ಹಳೆಯ ಚಾಳಿ ಬಿಡಲಿಲ್ಲ. ವರಮಾನದ ಮಿತಿ ಇತ್ತು, ಜೈಲಿಗೆ ಹೋಗಿ ಬಂದವರಿಗೆ, ಮೈಗಳ್ಳರೆಂದು ಹೆಸರಾದವರಿಗೆ ಇಲ್ಲವೆಂಬ ನಡತೆಯ ಪರೀಕ್ಷೆಯೂ ಇತ್ತು. ಸಾಮಾಜಿಕ ವಿಮೆಯ ಕುರಿತ ಬೆವರಿಜ್ ವರದಿ ಬಂದು ಈ ವಾಸನೆ ಕಡಿಮೆಯಾಗಲು 1942ರವರೆಗೆ ಕಾಯಬೇಕಾಯಿತು.

ಈಗ ನಮ್ಮ ಮನೆಯ ಲೆಕ್ಕಕ್ಕೆ ಬರೋಣ. 1995 ಕುತೂಹಲದ ವರ್ಷ. ಆ ವರ್ಷ ನೇಪಾಳದಲ್ಲಿ ಮನಮೋಹನ ಅಧಿಕಾರಿಯವರ ಅಲ್ಪಾಯುಷಿ ಸರ್ಕಾರ ಎಪ್ಪತ್ತೈದು ದಾಟಿದ ಎಲ್ಲರಿಗೂ ತಿಂಗಳಿಗೆ ನೂರು ರೂಪಾಯಿ ಕೊಡುವ ಯೋಜನೆ ಹೊರಡಿಸಿತು. ಬಡವ, ಬಲ್ಲಿದ ಎಂದು ಕೇಳಲಿಲ್ಲ, ವಯಸ್ಸು ಮಾತ್ರ ಕೇಳಿತು. ಅದೇ ವರ್ಷ ಆಗಸ್ಟ್ 15ಕ್ಕೆ ಭಾರತ ಸರ್ಕಾರವೂ ನಿರ್ಗತಿಕ ವೃದ್ಧರಿಗೆ ಎಪ್ಪತ್ತೈದು ರೂಪಾಯಿ ಕೊಡಲು ಶುರು ಮಾಡಿತು. ಮೂವತ್ತು ವರ್ಷದಲ್ಲಿ ನೇಪಾಳದ ವಯಸ್ಸಿನ ಮಿತಿ ಅರವತ್ತೆಂಟಕ್ಕೆ ಇಳಿದಿದೆ, ಮೊತ್ತ ನಾಲ್ಕು ಸಾವಿರ ನೇಪಾಳಿ ರೂಪಾಯಿಗೆ ಏರಿದೆ, ಅಂದರೆ ನಮ್ಮ ಎರಡೂವರೆ ಸಾವಿರ. ಭಾರತದ ಕೇಂದ್ರ ಪಾಲು 2007ರಲ್ಲಿ ಹೊಸ ಹೆಸರಿಟ್ಟುಕೊಂಡಾಗ ₹200 ಇತ್ತು. ಇಂದಿಗೂ, ಎಂಬತ್ತು ತುಂಬದವರಿಗೆ, ₹200. ಅಷ್ಟರಲ್ಲಿ ಬೆಲೆಗಳು ಸುಮಾರು ಮೂರು ಪಟ್ಟಾಗಿವೆ. ತಲಾ ವರಮಾನದಲ್ಲಿ ನಮಗಿಂತ ಬಡ ದೇಶ ನೇಪಾಳ, ಇದನ್ನು ಮರೆಯಬಾರದು. ದುಡ್ಡಿಲ್ಲ ಎಂಬ ಮಾತು ಅಲ್ಲಿಗೆ ಅರ್ಧ ಬಿದ್ದುಹೋಗುತ್ತದೆ.

ಉಳಿದದ್ದನ್ನು ರಾಜ್ಯಗಳು ತುಂಬುತ್ತವೆ. ಕರ್ನಾಟಕ ತುಂಬುತ್ತಿದೆ, ಆಂಧ್ರ ಇನ್ನೂ ಧಾರಾಳವಾಗಿ. ಆದರೆ ನನಗೆ ಮೊತ್ತಕ್ಕಿಂತ ಹೆಚ್ಚು ಕಾಡುವುದು ಬಾಗಿಲಲ್ಲಿ ಕೇಳುವ ಪ್ರಶ್ನೆ. ನಮ್ಮಲ್ಲಿ ಪಿಂಚಣಿಗೆ ಕುಟುಂಬದ ವಾರ್ಷಿಕ ವರಮಾನ ₹32,000 ಮೀರಬಾರದು. ಗ್ರಾಮೀಣ ಭಾಗದಲ್ಲಿ ಹಿಂದೆ ಹನ್ನೆರಡು ಸಾವಿರವಿತ್ತು, ಕೆಲವು ವರ್ಷದ ಹಿಂದೆ ಏರಿಸಿದರು. ಈಗ ಒಂದು ಸಣ್ಣ ಗುಣಾಕಾರ ಮಾಡಿ. 2025-26ರಲ್ಲಿ ಕರ್ನಾಟಕದ ನರೇಗಾ ಕೂಲಿ ದಿನಕ್ಕೆ ₹370 ಇತ್ತು. ಕಾಯ್ದೆ ಆಗ ಕೊಟ್ಟಿದ್ದ ನೂರು ದಿನವನ್ನೂ ಒಂದು ಮನೆಯವರು ದುಡಿದಿದ್ದರೆ ₹37,000. ಸರ್ಕಾರ ಒಂದು ಕೈಯಲ್ಲಿ ಕೊಟ್ಟ ಹಕ್ಕನ್ನು ಪೂರ್ತಿ ಬಳಸಿಕೊಂಡ ಕುಟುಂಬ ಇನ್ನೊಂದು ಕೈಯ ಲೆಕ್ಕದಲ್ಲಿ ಬಡ ಕುಟುಂಬವೇ ಅಲ್ಲ. ಆದ್ದರಿಂದ ನಾಡಕಚೇರಿಯಿಂದ ಬರುವ ಆದಾಯ ಪ್ರಮಾಣಪತ್ರದ ಅಂಕಿ ನಿಜವಾಗಿರುವುದು ಅಪರೂಪ. ಅರ್ಜಿ ಹಾಕಿದವರಿಗೂ ಗೊತ್ತು, ಬರೆದುಕೊಟ್ಟವರಿಗೂ ಗೊತ್ತು. ಎಲ್ಲರಿಂದಲೂ ಸಣ್ಣದೊಂದು ಸುಳ್ಳಿಗೆ ಸಹಿ ಹಾಕಿಸಿ ಕೊಡುವ ನೆರವು ಅದು. ಸುಳ್ಳನ್ನು ಸರಿಯಾಗಿ ಹೇಳಲು ಬಾರದವರು, ಹೇಳಿಸಲು ಆಳಿಲ್ಲದವರು ಹೊರಗೆ ಉಳಿಯುತ್ತಾರೆ. ಅವರೇ ಸಾಮಾನ್ಯವಾಗಿ ಹೆಚ್ಚು ಬಡವರು.

ನ್ಯಾಯಕ್ಕೆ ಒಂದು ಮಾತು ಹೇಳಬೇಕು. ಪಡಿತರ ಚೀಟಿಯ ಮಾಹಿತಿ ನೋಡಿ, ವಯಸ್ಸಾದವರಿಗೆ ಅರ್ಜಿಯಿಲ್ಲದೆ ಪಿಂಚಣಿ ಮಂಜೂರು ಮಾಡುವ ಪ್ರಯತ್ನ ರಾಜ್ಯದಲ್ಲಿ ಆಗಿದೆ. ಕಂದಾಯ ಇಲಾಖೆಗೆ ಫೋನು ಮಾಡಿದರೆ ಎಪ್ಪತ್ತೆರಡು ಗಂಟೆಯಲ್ಲಿ ಕೆಲಸವೆಂದು ಹೇಳಿದ ಕಾಲವೂ ಉಂಟು. ಹಾಗಿದ್ದೂ ಕೊನೆಯ ಗಂಟು ಬೆರಳ ತುದಿಯಲ್ಲಿ ಬೀಳುತ್ತದೆ. ಕಡ್ಲೆಕಾಯಿ ಬಿಡಿಸಿ, ಹುಣಸೆ ನಾರು ತೆಗೆದು, ಕಲ್ಲು ಹೊತ್ತು ಸವೆದ ಹೆಬ್ಬೆಟ್ಟಿನಲ್ಲಿ ಗೆರೆಗಳೇ ಉಳಿದಿರುವುದಿಲ್ಲ. ಸೊಸೈಟಿಯಲ್ಲೋ ಗ್ರಾಮ ಒನ್ ಸೇವಾ ಕೇಂದ್ರದಲ್ಲೋ ಒದ್ದೆ ಬಟ್ಟೆಯಲ್ಲಿ ಬೆರಳು ಒರೆಸಿ, ಸೆರಗಿನಲ್ಲಿ ಉಜ್ಜಿ, ‘ಅಜ್ಜಿ, ಇನ್ನೊಂದು ಸಲ ಒತ್ತು, ಜೋರಾಗಿ ಒತ್ತು’ ಅನ್ನಿಸಿಕೊಂಡು, ಒಂದೊಂದಾಗಿ ಹತ್ತು ಬೆರಳನ್ನೂ ಪರೀಕ್ಷೆಗೆ ಇಡುವುದನ್ನು ಯಾವ ಊರಿನಲ್ಲಾದರೂ ನೋಡಬಹುದು. ಮಿಷನ್ನು ಒಪ್ಪದಿದ್ದರೆ ನಾಳೆ ಬಾ. ಮೈಯಿಂದ ಸಾಬೀತು ಮಾಡುವ ಧಾತು ಈಶ್ವರದ ಕಾಲದ ಪದ್ಧತಿ ಈಗ ಹೆಬ್ಬೆಟ್ಟಿಗೆ ಬಂದು ನಿಂತಿದೆ, ಅಷ್ಟೆ. ಆಂಧ್ರದಲ್ಲೂ ಮಿಷನ್ನು ಉಂಟು, ಪಟ್ಟಿ ಸೋಸುವ ರಗಳೆಯೂ ಉಂಟು. ಆದರೆ ಮಿಷನ್ನು ಮುದುಕಿಯ ಬಳಿಗೆ ಬರುತ್ತದೆ, ಮುದುಕಿ ಮಿಷನ್ನಿನ ಬಳಿಗೆ ಹೋಗುವುದಿಲ್ಲ. ಬರೀ ಇಷ್ಟರಲ್ಲಿ ಎಷ್ಟು ವ್ಯತ್ಯಾಸ!

ಇನ್ನು ಬ್ರೆಜಿಲ್. ಮಿಲಿಟರಿ ಆಡಳಿತ ಮುಗಿದ ಮೇಲೆ 1988ರಲ್ಲಿ ಬರೆದ ಸಂವಿಧಾನದಲ್ಲಿ ಹಳ್ಳಿಯ ದುಡಿಯುವವರಿಗೂ ಪಟ್ಟಣದವರಿಗೂ ಒಂದೇ ಹಕ್ಕು ಎಂದು ಸೇರಿಸಿದರು. 1991ರ ಕಾನೂನು ಅದನ್ನು ಜಾರಿಗೆ ತಂದಿತು. ಸಣ್ಣ ರೈತ ಗಂಡಸಿಗೆ ಅರವತ್ತಕ್ಕೆ, ಹೆಂಗಸಿಗೆ ಐವತ್ತೈದಕ್ಕೆ ಪಿಂಚಣಿ. ಕಂತು ಕಟ್ಟಿದ ರಸೀದಿ ಕೇಳುವುದಿಲ್ಲ, ಹದಿನೈದು ವರ್ಷ ಹೊಲದಲ್ಲಿ ದುಡಿದದ್ದಕ್ಕೆ ಆಧಾರ ಸಾಕು. ಇದರ ಜೀವಾಳ ಮೊತ್ತದಲ್ಲಿದೆ. ಪಿಂಚಣಿ ದೇಶದ ಕನಿಷ್ಠ ವೇತನಕ್ಕೆ ಸಮ. ವೇತನ ಏರಿದರೆ ಪಿಂಚಣಿಯೂ ತಾನಾಗಿ ಏರುತ್ತದೆ. ಬಜೆಟ್ ಭಾಷಣಕ್ಕೆ, ಚುನಾವಣೆಗೆ, ಮಂತ್ರಿಯ ಮರ್ಜಿಗೆ ಕಾಯಬೇಕಿಲ್ಲ. 2019ರಲ್ಲಿ ಬೋಲ್ಸೊನಾರೊ ಸರ್ಕಾರ ಪಿಂಚಣಿಗಳಿಗೆ ಕತ್ತರಿ ಹಾಕಿದಾಗಲೂ ಹಳ್ಳಿಯವರ ವಯಸ್ಸಿನ ಮಿತಿಯನ್ನು ಮುಟ್ಟಲು ಅದಕ್ಕೆ ಆಗಲಿಲ್ಲ. ನಮ್ಮ ₹200 ಹೆಪ್ಪುಗಟ್ಟಿ ಕೂತಿರುವುದು ಯಾರೋ ಕ್ರೂರಿಗಳು ಅಂತಲ್ಲ. ಅದನ್ನು ಏರಿಸುವ ಕೆಲಸವನ್ನು ಯಾವ ಕಾನೂನೂ ಯಾರಿಗೂ ಒಪ್ಪಿಸಿಲ್ಲ.

2003ರಲ್ಲಿ ಲುಲಾ ಸರ್ಕಾರ ತಂದ ಬೋಲ್ಸಾ ಫಮೀಲಿಯಾ ಹೆಚ್ಚು ಹೆಸರಾಯಿತು. ಬಡ ಕುಟುಂಬಕ್ಕೆ ನಗದು, ಕಾರ್ಡು ಬಹುಪಾಲು ಹೆಂಗಸಿನ ಹೆಸರಲ್ಲಿ, ಮಕ್ಕಳು ಶಾಲೆಗೆ ಹೋಗಬೇಕು, ಲಸಿಕೆ ಹಾಕಿಸಬೇಕು. ಮನೆಯೊಡತಿಗೆ ತಿಂಗಳಿಗೆ ಎರಡು ಸಾವಿರ ಕೊಡುವ ನಮ್ಮ ಗೃಹಲಕ್ಷ್ಮಿಯನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ, ಷರತ್ತು ಹಾಕದೆ ಕೊಟ್ಟದ್ದೇ ನಮ್ಮದರ ಹೆಚ್ಚುಗಾರಿಕೆ ಎಂದು ನನ್ನ ಲೆಕ್ಕ. ಪಾವಗಡದ ತಾಯಿಗೆ ಮಗುವನ್ನು ಶಾಲೆಗೆ ಕಳಿಸೆಂದು ಷರತ್ತು ಹಾಕಿ ಕಲಿಸಬೇಕಾಗಿಲ್ಲ. ಹೆಂಗಸಿನ ಕೈಗೆ ದುಡ್ಡು ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಆಫ್ರಿಕಾದಿಂದ ಒಳ್ಳೆಯ ಸಾಕ್ಷ್ಯವಿದೆ. ದಕ್ಷಿಣ ಆಫ್ರಿಕಾ 1993ರ ಹೊತ್ತಿಗೆ ಕರಿಯರ ಪಿಂಚಣಿಯನ್ನು ಬಿಳಿಯರ ಸಮಕ್ಕೆ ತಂದಿತು. ಅದರ ಪರಿಣಾಮ ಅಳೆದ ಅರ್ಥಶಾಸ್ತ್ರಜ್ಞೆ ಎಸ್ತರ್ ಡುಫ್ಲೊ ಕಂಡುಕೊಂಡದ್ದು ಇದು: ಅಜ್ಜಿಗೆ ಪಿಂಚಣಿ ಬಂದ ಮನೆಯಲ್ಲಿ ಮೊಮ್ಮಗಳ ಮೈ ಕೈ ತುಂಬಿಕೊಂಡಿತು, ತಾತನಿಗೆ ಬಂದ ಮನೆಯಲ್ಲಿ ಅಂಥದ್ದೇನೂ ಕಾಣಲಿಲ್ಲ. ತಾತಂದಿರು ಬೇಜಾರು ಮಾಡಿಕೊಳ್ಳಬಾರದು, ಅದು ಅಂಕಿ ಅಂಶದ ಮಾತು.

ಬೋಲ್ಸಾ ಫಮೀಲಿಯಾಕ್ಕಿಂತ ನಮಗೆ ಹತ್ತಿರದ್ದು ಆ ನಾಡಿನ ನೀರಿನ ತೊಟ್ಟಿ. ಬ್ರೆಜಿಲ್ಲಿನ ಒಣನಾಡಿನಲ್ಲಿ ನೂರು ವರ್ಷ ಸರ್ಕಾರ ದೊಡ್ಡ ಅಣೆಕಟ್ಟೆಗಳನ್ನು ಕಟ್ಟಿತು. ಅವು ಬಹುಮಟ್ಟಿಗೆ ಜಮೀನ್ದಾರರ ಹೊಲದ ಪಕ್ಕದಲ್ಲೇ ಎದ್ದವು. ಬರ ಬಂದಾಗ ಟ್ಯಾಂಕರ್ ನೀರು ಯಾರ ಓಣಿಗೆ ಎಂಬುದನ್ನು ಓಟು ನಿರ್ಧರಿಸುತ್ತಿತ್ತು. ಕಂಡುಕೇಳಿದ ಕತೆಯಲ್ಲವೆ? 1999ರಲ್ಲಿ ಅಲ್ಲಿನ ರೈತ ಸಂಘ, ಚರ್ಚು, ಮಹಿಳಾ ಗುಂಪುಗಳೆಲ್ಲ ಸೇರಿ ಒಕ್ಕೂಟ ಮಾಡಿಕೊಂಡು, ಮನೆಗೊಂದು ತೊಟ್ಟಿ ಎಂಬ ಬೇಡಿಕೆ ಇಟ್ಟವು. ಹತ್ತು ಲಕ್ಷ ತೊಟ್ಟಿಗಳ ಯೋಜನೆ 2003ರಿಂದ ಸರ್ಕಾರದ್ದೂ ಆಯಿತು. ಮನೆಯ ಹೆಂಚಿನಿಂದ ಇಳಿಯುವ ಮಳೆನೀರನ್ನು ಸಿಮೆಂಟ್ ಹಲಗೆಗಳ ದುಂಡು ತೊಟ್ಟಿಗೆ ಬಿಡುವುದು; ಹಿಡಿಯುವುದು ಹದಿನಾರು ಸಾವಿರ ಲೀಟರ್; ಐದು ಜನರ ಸಂಸಾರಕ್ಕೆ ಮಳೆಯಿಲ್ಲದ ತಿಂಗಳುಗಳಲ್ಲಿ ಕುಡಿಯಲು, ಅಡಿಗೆಗೆ. ಊರವರೇ ಗಾರೆ ಕೆಲಸ ಕಲಿತು ಕಟ್ಟಿದರು, ಹೆಂಗಸರೂ ಕಲಿತರು. ಹತ್ತು ಲಕ್ಷದ ಗುರಿ ದಾಟಿಯೂ ಆಗಿದೆ. 2012ರಿಂದ ಐದಾರು ವರ್ಷ ಅಲ್ಲಿ ಘೋರ ಬರ ಬಂತು. ಈ ಸಲ ಹಿಂದಿನಂತೆ ಜನ ಗುಳೆ ಎದ್ದು ಸಾಯಲಿಲ್ಲ, ಅಂಗಡಿಗಳನ್ನು ದೋಚಲಿಲ್ಲ. ತೊಟ್ಟಿ, ಅಜ್ಜಿಯ ಪಿಂಚಣಿ, ತಾಯಿಯ ಕಾರ್ಡು ಮೂರೂ ಸೇರಿ ಆದ ಕೆಲಸ ಅದು.

ಪಾವಗಡದಲ್ಲಿ ಬರ ಬಂದರೆ ನೀರು ಕಡಿಮೆಯಾಗುವುದಷ್ಟೇ ಅಲ್ಲ, ವಿಷವೂ ಆಗುತ್ತದೆ. ಆಳದ ಬೋರಿನ ನೀರಿನಲ್ಲಿ ಫ್ಲೋರೈಡ್. ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. ಮಕ್ಕಳ ಹಲ್ಲಿನ ಕಂದು ಪಟ್ಟೆ, ನಲವತ್ತಕ್ಕೇ ಬಿಗಿದ ಮಂಡಿ, ನೆಟ್ಟಗಾಗದ ಬೆನ್ನು ಈ ಸೀಮೆಯಲ್ಲಿ ಯಾರೂ ಕಾಣದ್ದಲ್ಲ. ಬೆನ್ನು ಬಗ್ಗದ ಮನುಷ್ಯ ಕೂಲಿಗೆ ಹೋಗಲಾರ, ಅರವತ್ತೈದೂ ಆಗಿಲ್ಲ. ಅವನು ಯಾವ ಯೋಜನೆಯ ಮನುಷ್ಯ? ಐದು ರೂಪಾಯಿ ನಾಣ್ಯ ಹಾಕಿದರೆ ಕ್ಯಾನು ತುಂಬುವ ಶುದ್ಧ ನೀರಿನ ಘಟಕಗಳು ಊರೂರಿಗೆ ಬಂದವು. ಕೆಲವು ನಡೆಯುತ್ತವೆ, ಕೆಲವು ಫಿಲ್ಟರ್ ಕೆಟ್ಟು ಬೀಗ ಹಾಕಿಕೊಂಡಿವೆ. ಭದ್ರಾ ಮೇಲ್ದಂಡೆ, ಎತ್ತಿನಹೊಳೆ ಎಂಬ ಎರಡು ನೀರಾವರಿ ಯೋಜನೆಗಳ ಹೆಸರನ್ನು ಈ ನಾಲ್ಕು ತಾಲ್ಲೂಕಿನವರು ವರ್ಷಗಳಿಂದ ಜಪಿಸುತ್ತಿದ್ದಾರೆ. ಬರಲಿ, ಬೇಡವೆನ್ನುವವರು ಯಾರು? ಆದರೆ ನಾಲ್ಕು ಚದರದ ಮನೆಯ ಮೇಲೆ ವರ್ಷಕ್ಕೆ ಐನೂರು ಮಿಲಿಮೀಟರ್ ಮಳೆ ಬಿದ್ದರೆ ಹದಿನೆಂಟು ಸಾವಿರ ಲೀಟರಿನಷ್ಟು ನೀರು ಬಿದ್ದಂತೆ. ಸೋರಿದ್ದು, ಆವಿಯಾದದ್ದು ಕಳೆದರೂ ಬ್ರೆಜಿಲ್ಲಿನ ತೊಟ್ಟಿ ಮುಕ್ಕಾಲು ಪಾಲಾದರೂ ತುಂಬುತ್ತದೆ. ಅದರಲ್ಲಿ ಫ್ಲೋರೈಡ್ ಇರುವುದಿಲ್ಲ.

ನಾಗಲಮಡಿಕೆ ಹೋಬಳಿಯ ತಿರುಮಣಿ ಸುತ್ತ ಹದಿಮೂರು ಸಾವಿರ ಎಕರೆಯಲ್ಲಿ ಹರಡಿರುವ ಸೋಲಾರ್ ಪಾರ್ಕಿನ ಮಾತು ಇಲ್ಲಿ ಬರಲೇಬೇಕು. 2018ರ ಮಾರ್ಚ್‌ನಲ್ಲಿ ಉದ್ಘಾಟನೆಯಾಯಿತು, ಈಗ 2,050 ಮೆಗಾವಾಟ್. ರೈತರಿಂದ ಭೂಮಿ ಕೊಳ್ಳಲಿಲ್ಲ, ಗುತ್ತಿಗೆಗೆ ಪಡೆದರು: ಎಕರೆಗೆ ವರ್ಷಕ್ಕೆ ₹21,000, ಎರಡು ವರ್ಷಕ್ಕೊಮ್ಮೆ ಶೇಕಡ 5 ಏರಿಕೆ. ಮಳೆ ನಂಬಿ ಕಡ್ಲೆಕಾಯಿ ಬಿತ್ತಿ ಬೀಜದ ದುಡ್ಡೂ ಹುಟ್ಟದೆ ಕಂಗೆಟ್ಟವರಿಗೆ ಇದು ಬರದಲ್ಲೂ ತಪ್ಪದ ವರಮಾನ. ಗಮನಿಸಿ, ಬ್ರೆಜಿಲ್ಲಿನ ಪಿಂಚಣಿಯಂತೆ ಇದೂ ತಾನಾಗಿ ಏರುತ್ತದೆ. ಜಮೀನಿದ್ದವನ ಕರಾರಿನಲ್ಲಿ ಏರಿಕೆ ಬರೆಯಲು ನಮಗೆ ಬರುತ್ತದೆ, ಜಮೀನಿಲ್ಲದ ಮುದುಕಿಯ ಪಿಂಚಣಿಯಲ್ಲಿ ಬರೆಯಲು ಬರುವುದಿಲ್ಲ.

ಜಮೀನಿಲ್ಲದವರಿಗೆ ಆ ಹದಿಮೂರು ಸಾವಿರ ಎಕರೆಯಲ್ಲಿ ಸಿಕ್ಕಿದ್ದೇನು? ಕಳೆ ಕೀಳುವ, ಕಾಯಿ ಬಿಡಿಸುವ ಕೂಲಿ ಹೋಯಿತು. ಕುರಿಗಾರರ ಮೇವಿನ ಬಯಲಿಗೆ ತಂತಿಬೇಲಿ ಬಂತು. ಫಲಕ ತೊಳೆಯುವ, ಹುಲ್ಲು ಕೀಳುವ, ಕಾವಲು ಕಾಯುವ ಕೆಲಸ ಕೆಲವರಿಗೆ. ಅಮೆರಿಕದ ಅಲಾಸ್ಕಾ ರಾಜ್ಯ ಇಂಥದೇ ಪ್ರಶ್ನೆಗೆ ಬೇರೆ ಉತ್ತರ ಕೊಟ್ಟಿದೆ. ಎಣ್ಣೆಯ ವರಮಾನದಲ್ಲಿ ಒಂದು ಪಾಲನ್ನು 1976ರಿಂದ ನಿಧಿಗೆ ಹಾಕುತ್ತಾರೆ. 1982ರಿಂದ ಪ್ರತಿ ವರ್ಷ ಅಲ್ಲಿ ವಾಸಿಸುವ ಪ್ರತಿಯೊಬ್ಬರಿಗೂ, ಹುಟ್ಟಿದ ಕೂಸಿಗೂ, ಲಾಭದ ಪಾಲು ಸಿಗುತ್ತದೆ. 2024ರಲ್ಲಿ ತಲೆಗೆ 1,702 ಡಾಲರ್. ನೆಲ ಯಾರದಾದರೂ ಆಗಿರಲಿ, ಕೆಳಗಿನ ಎಣ್ಣೆ ಎಲ್ಲರದು ಎಂಬ ನ್ಯಾಯ ಅದು. ನೆಲದ ಕೆಳಗಿನದೇ ಎಲ್ಲರದಾದರೆ, ಮೇಲಿನ ಬಿಸಿಲು ಎಕರೆಯ ಲೆಕ್ಕದಲ್ಲಿ ಕೆಲವರದ್ದು ಹೇಗಾಯಿತು? ಯೂನಿಟ್ಟಿಗೆ ಐದು ಪೈಸೆ ಎತ್ತಿಟ್ಟರೂ ಆ ಹೋಬಳಿಯ ಜಮೀನಿಲ್ಲದ ಮನೆಗಳಿಗೆ ಒಂದು ನಿಧಿಯಾದೀತು. ಸಾಮಾಜಿಕ ಹೊಣೆಗಾರಿಕೆಯ ಹೆಸರಲ್ಲಿ ಶಾಲೆಗೆ ಬಣ್ಣ ಹೊಡೆಸಿ, ಬೆಂಚು ಕೊಡಿಸಿದರೆ ಅದು ಹಕ್ಕಾಗುವುದಿಲ್ಲ.

ಆರೋಗ್ಯದ ಮಾತು ಚಿಕ್ಕದಾಗಿ ಮುಗಿಸುತ್ತೇನೆ. ಪಾವಗಡದಲ್ಲಿ ಕುಷ್ಠ, ಕ್ಷಯ, ಕಣ್ಣಿನ ಕಾಯಿಲೆಗಳಿಗೆ ಬಡವರು ದಶಕಗಳಿಂದ ನೆಚ್ಚಿಕೊಂಡದ್ದು ಸ್ವಾಮಿ ಜಪಾನಂದರ ರಾಮಕೃಷ್ಣ ಸೇವಾಶ್ರಮವನ್ನು. ದೊಡ್ಡ ಕೆಲಸ, ಆದರೆ ಒಂದು ತಾಲ್ಲೂಕಿನ ಆರೋಗ್ಯ ಒಬ್ಬ ಸನ್ಯಾಸಿಯ ಹೆಗಲ ಮೇಲೆ ನಿಲ್ಲಬೇಕಾಗಿ ಬಂದದ್ದು ಸರ್ಕಾರಕ್ಕೆ ಹೆಮ್ಮೆಯಲ್ಲ. ಥಾಯ್ಲೆಂಡ್ 2002ರ ಹೊತ್ತಿಗೆ ಮೂವತ್ತು ಬಾತ್ ಕೊಟ್ಟರೆ ಬಹುಪಾಲು ಚಿಕಿತ್ಸೆ ಸಿಗುವ ವ್ಯವಸ್ಥೆಯನ್ನು ದೇಶಕ್ಕೆಲ್ಲ ತಂದಿತು. ಅದು ಸಾಧ್ಯವಾದದ್ದು, ಅದಕ್ಕೂ ಮೊದಲು ಮೂವತ್ತು ವರ್ಷ ಹೊಸ ಡಾಕ್ಟರುಗಳನ್ನು ಹಳ್ಳಿಗೆ ಕಳಿಸಿ, ಜಿಲ್ಲೆ ತಾಲ್ಲೂಕು ಆಸ್ಪತ್ರೆಗಳನ್ನು ಕಟ್ಟಿಕೊಂಡಿದ್ದರಿಂದ. ನಮ್ಮ ಯಶಸ್ವಿನಿ, ಆಯುಷ್ಮಾನ್ ಕಾರ್ಡುಗಳು ಆಪರೇಷನ್ನಿನ ಬಿಲ್ಲು ಕಟ್ಟುತ್ತವೆ. ರಾತ್ರಿ ಹನ್ನೊಂದಕ್ಕೆ ಹಾವು ಕಚ್ಚಿದರೆ ಕಾರ್ಡು ಕಚ್ಚಿದ ಜಾಗಕ್ಕೆ ಕಟ್ಟಲು ಬರುವುದಿಲ್ಲ.

ಬಾಣಂತಿಯರ ಪ್ರಶ್ನೆಯಲ್ಲಿ ದುಡ್ಡಿನಿಂದಾಗದ ಕೆಲಸವೂ ಇದೆ ಎಂಬುದು ಕಾಣುತ್ತದೆ. ಫಿನ್ಲೆಂಡ್ 1938ರಿಂದ ತಾಯಂದಿರಿಗೆ ಒಂದು ಪೆಟ್ಟಿಗೆ ಕೊಡುತ್ತಿದೆ: ಬಟ್ಟೆ, ಹೊದಿಕೆ, ಮಗು ಮಲಗಿಸಲು ಪೆಟ್ಟಿಗೆಯೇ ತೊಟ್ಟಿಲು. ಮೊದಲು ಬಡವರಿಗಷ್ಟೇ ಇತ್ತು, 1949ರಲ್ಲಿ ಎಲ್ಲರಿಗೂ ಆಯಿತು. ಬಸುರಿ ವೈದ್ಯರಿಗೆ ತೋರಿಸಿಕೊಂಡಿರಬೇಕೆಂಬ ಷರತ್ತು ಮಾತ್ರ ಉಂಟು. ಕರ್ನಾಟಕ 2007ರಲ್ಲಿ ಬಡ ಬಾಣಂತಿಯರಿಗೆ ಕೊಡತೊಡಗಿದ ಮಡಿಲು ಕಿಟ್ಟಿನ ಆಲೋಚನೆಯೂ ಅದೇ ಜಾಡಿನದು. ಒಳ್ಳೆಯ ಯೋಜನೆ. ಆದರೆ ಈ ಸೀಮೆಯ ಕಾಡುಗೊಲ್ಲರ ಕೆಲವು ಹಟ್ಟಿಗಳಲ್ಲಿ, ಸರ್ಕಾರಿ ಆಸ್ಪತ್ರೆಯಲ್ಲೇ ಹೆತ್ತ ತಾಯಿಯೂ ಹಟ್ಟಿಯ ಹೊರಗಿನ ಗುಡಿಸಲಿಗೆ ಹೋಗುತ್ತಾಳೆ. ಸೂತಕವೆಂಬ ನಂಬಿಕೆ. 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ ಹಾಗೆ ಹೊರಗಿಟ್ಟ ಎಳೆಗೂಸು ಮಳೆ ಚಳಿಗೆ ಸತ್ತಿತು. ಅದಕ್ಕೂ ಮೊದಲು ಸರ್ಕಾರದ ದುಡ್ಡಿನಲ್ಲೇ ಹಟ್ಟಿಗಳ ಹೊರಗೆ ಇಂಥ ಹೆಂಗಸರು ತಂಗಲೆಂದು ಕೃಷ್ಣ ಕುಟೀರಗಳನ್ನು ಕಟ್ಟಿಸಿದ್ದೂ ಆಗಿತ್ತು. ತಪ್ಪು ಪದ್ಧತಿಗೆ ಪಕ್ಕಾ ಗೋಡೆ.

ನೇಪಾಳದ ಪಶ್ಚಿಮ ಬೆಟ್ಟಗಳಲ್ಲಿ ಇದೇ ಪದ್ಧತಿ ಛೌಪದಿ ಎಂಬ ಹೆಸರಲ್ಲಿದೆ. 2005ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ನಿಷೇಧಿಸಿತು. 2017ರಲ್ಲಿ ಸಂಸತ್ತು ಅಪರಾಧವೆಂದಿತು: ಮೂರು ತಿಂಗಳು ಜೈಲು, ಇಲ್ಲವೆ ಮೂರು ಸಾವಿರ ದಂಡ. ಪೊಲೀಸರು ಗುಡಿಸಲುಗಳನ್ನು ಕೆಡವಿದರು. ಗುಡಿಸಲಿಲ್ಲದ ಹೆಂಗಸರು ಕೆಲವೆಡೆ ಬಯಲಲ್ಲಿ, ದನದ ಕೊಟ್ಟಿಗೆಯಲ್ಲಿ ಮಲಗಿದರು. ಕುಟೀರ ಕಟ್ಟಿದ ನಮಗೂ, ಗುಡಿಸಲು ಕೆಡವಿದ ಅವರಿಗೂ ಆ ಹೆಂಗಸರಿಗೆ ಮನೆಯೊಳಗೆ ಜಾಗ ಮಾಡಿಸಲಾಗಲಿಲ್ಲ. ಹಟ್ಟಿಯಲ್ಲೇ ಹುಟ್ಟಿ ನರ್ಸೋ ಟೀಚರೋ ಆಗಿ ಬಂದ ಹೆಣ್ಣುಮಕ್ಕಳು ಅದನ್ನು ಮಾಡಿಸಬಹುದು. ಅದಕ್ಕೆ ಬೇಕಾದದ್ದು ಹಾಸ್ಟೆಲ್ಲು, ಬಸ್ಸು, ಮಧ್ಯಾಹ್ನದ ಊಟ. ಪುಕ್ಕಟೆ ಬಸ್ಸನ್ನು ಜರಿಯುವವರು ಮಧುಗಿರಿಯ ಕಾಲೇಜು ಬಿಡುವ ಹೊತ್ತಿಗೆ ಬಸ್ ನಿಲ್ದಾಣದಲ್ಲಿ ಒಂದು ಗಳಿಗೆ ನಿಲ್ಲಬೇಕು.

ಶಾಲೆಯ ಊಟದಲ್ಲಿ ನಾವು ಯಾರಿಗೂ ಕಡಿಮೆಯಿಲ್ಲ. ಫಿನ್ಲೆಂಡ್ ಎಲ್ಲ ಮಕ್ಕಳಿಗೂ ಪುಕ್ಕಟೆ ಊಟ ಶುರು ಮಾಡಿದ್ದು 1948ರಲ್ಲಿ. ನಮ್ಮ ಜಿಲ್ಲೆಯ ಸಿದ್ಧಗಂಗಾ ಮಠದಲ್ಲಿ ಜಾತಿ ಕೇಳದ ದಾಸೋಹ ಅದಕ್ಕಿಂತ ಹಳೆಯದು. ಒಂದು ವಿಷಯದಲ್ಲಿ ಮಾತ್ರ ಬ್ರೆಜಿಲ್ಲಿನಿಂದ ಕಲಿಯಬೇಕು. ಅಲ್ಲಿ 2009ರ ಕಾನೂನು ಶಾಲೆಯ ಊಟಕ್ಕೆ ಕೇಂದ್ರ ಕೊಡುವ ದುಡ್ಡಿನಲ್ಲಿ ಶೇಕಡ 30ರಷ್ಟನ್ನಾದರೂ ಸಣ್ಣ ರೈತರಿಂದಲೇ ಕೊಳ್ಳಲು ಖರ್ಚು ಮಾಡಬೇಕೆಂದು ವಿಧಿಸಿತು. ನಮ್ಮಲ್ಲಿ ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು, ಕೆಲಕಾಲ ಕಡ್ಲೆಕಾಯಿ ಚಿಕ್ಕಿ ಕೊಟ್ಟರು. ಕಡ್ಲೆಕಾಯಿಯ ಕಣಜವೆನಿಸಿದ ತಾಲ್ಲೂಕಿನ ಶಾಲೆಗೆ ಆ ಚಿಕ್ಕಿ ಯಾರ ಹೊಲದ ಕಾಯಿಂದ ಆಗಬೇಕು ಎಂದು ಯಾವ ಆದೇಶವೂ ಹೇಳಲಿಲ್ಲ.

ಕೊನೆಗೆ ಉಳಿಯುವುದು ಆರೈಕೆ. ಪಿಂಚಣಿ ನಾಲ್ಕು ಸಾವಿರವಾದರೂ, ಹಾಸಿಗೆ ಹಿಡಿದವರ ಮಗ್ಗುಲು ಬದಲಿಸುವುದು ದುಡ್ಡಲ್ಲ, ಕೈ. ಜಪಾನ್ 2000ದ ಏಪ್ರಿಲ್‌ನಲ್ಲಿ ಆರೈಕೆಗೆಂದೇ ವಿಮೆ ತಂದಿತು. ನಲವತ್ತು ತುಂಬಿದವರೆಲ್ಲ ಕಂತು ಕಟ್ಟುತ್ತಾರೆ, ಅರ್ಧ ಖರ್ಚು ತೆರಿಗೆಯಿಂದ. ಯಾರಿಗೆ ಎಷ್ಟು ಆರೈಕೆ ಬೇಕೆಂದು ಅಳೆದು, ಸ್ನಾನ ಮಾಡಿಸುವವರನ್ನು, ಊಟ ಮಾಡಿಸುವವರನ್ನು ಮನೆಗೆ ಕಳಿಸುತ್ತಾರೆ. ಅದಕ್ಕೆ ಮೊದಲು ಅಲ್ಲೂ ಈ ಹೊರೆ ಸೊಸೆಯ ಮೇಲೇ ಇತ್ತು. ನಮ್ಮಲ್ಲಿ ಈಗಲೂ ಹಾಗೇ, ಸೊಸೆ ಊರಲ್ಲಿ ಇದ್ದರೆ. ಆಕೆ ಗಂಡನ ಜತೆ ಬೆಂಗಳೂರಿನಲ್ಲಿ ಗಾರ್ಮೆಂಟ್ಸಿಗೆ ಹೋಗುತ್ತಿರುತ್ತಾಳೆ. ಕಂತು ಕಟ್ಟುವ ಜಪಾನಿನ ಪದ್ಧತಿ ಜರ್ಮನಿಯದರಂತೆಯೇ ಇಲ್ಲಿ ನಡೆಯದು. ಆದರೆ ಹಳ್ಳಿಗೊಬ್ಬ ಕಾರ್ಯಕರ್ತೆಯನ್ನಿಟ್ಟು ಮಕ್ಕಳನ್ನು ನೋಡಿಕೊಳ್ಳುವ ಅಂಗನವಾಡಿಯನ್ನು ನಾವು 1975ರಲ್ಲಿ ಶುರು ಮಾಡಿದೆವು. ರಾಜ್ಯದ ಮೊದಲ ಕೇಂದ್ರಗಳು ಬಂದದ್ದು ತಿ. ನರಸೀಪುರದಲ್ಲಿ. ಮಕ್ಕಳು ಕಡಿಮೆಯಾಗಿ ಮುದುಕರು ಹೆಚ್ಚಾಗಿರುವ ಪಾವಗಡದ ಎಷ್ಟೋ ಊರುಗಳಲ್ಲಿ ಆ ಕೋಣೆ, ಆ ಒಲೆ ಈಗಲೂ ಇದೆ. ಅಲ್ಲಿ ಒಬ್ಬಳು ಕಾರ್ಯಕರ್ತೆಯನ್ನು ಹೆಚ್ಚು ನೇಮಿಸಿ, ಸಂಬಳವೆನ್ನಬಹುದಾದ ಸಂಬಳ ಕೊಟ್ಟು, ಮಧ್ಯಾಹ್ನ ಮುದುಕರಿಗೂ ಅದೇ ಒಲೆಯಿಂದ ಮುದ್ದೆ ಸಾರು ಕೊಡುವ ಪ್ರಯೋಗಕ್ಕೆ ಯಾವ ವಿದೇಶ ಪ್ರವಾಸವೂ ಬೇಕಿಲ್ಲ. ಆಂಧ್ರಕ್ಕೂ ಇದು ಇನ್ನೂ ಹೊಳೆದಿಲ್ಲ.